ಹೆಡ್‌ಫೋನಿನಲ್ಲಿ ಒಂದು ವಾಕ್ಯ ಹೆಚ್ಚು

ಮಾರ್ಚ್ 2, ಸೋಮವಾರ

ಬೆಳಗ್ಗೆಯಿಂದ ಪದಗಳ ಜೊತೆ ಗುದ್ದಾಟ. ನಾಡಿದ್ದಿನಿಂದ ಮೂರು ದಿನ ಸಮ್ಮೇಳನ, ಕ್ಯಾನ್ಸರ್ ತರುವ ವೈರಸ್‌ಗಳ ಮೇಲೆ. ಭಾಷಣಗಳೆಲ್ಲ ಇಂಗ್ಲಿಷ್. ಕೇಳುವವರಲ್ಲಿ ಅರ್ಧಕ್ಕರ್ಧ ದೂರದೂರಿನ ನರ್ಸ್‌ಗಳು. ಅವರ ಕಿವಿಗೆ ನಮ್ಮ ಭಾಷೆಯಲ್ಲಿ ಹಾಕುವ ಕೆಲಸ ನನ್ನದು ಮತ್ತು ಮೇಷ್ಟ್ರದ್ದು. ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸುತ್ತಿದ್ದ ಮನುಷ್ಯ. ದುಭಾಷಿಯಾಗಿ ಇಷ್ಟು ವರ್ಷವಾದರೂ ನಾನು ವಿಭಕ್ತಿ ತಪ್ಪಿದರೆ ಪಕ್ಕದ ಕುರ್ಚಿಯಿಂದ ಕಿವಿ ಹಿಂಡುವ ಮುಖ ಮಾಡುತ್ತಾರೆ.

ಫೋನಿನಲ್ಲೇ ಪದ ಹಂಚಿಕೊಂಡೆವು.

"ಲೇಟೆಂಟ್‌ಗೆ ಏನ್ ಹೇಳೋಣ ಮೇಷ್ಟ್ರೇ?"

"ಸುಪ್ತ."

"ಅವರಿಗೆ ಗುಪ್ತ ಅಂತ ಕೇಳಿಸುತ್ತೆ."

"ಹಾಗಾದ್ರೆ ಮುಸುಕು ಹೊದ್ದು ಮಲಗಿದೆ ಅನ್ನು. ನಮ್ಮನೇಲಿ ನನ್ನ ಮಗ ಹಾಗೇ ಮಲಗಿರ್ತಾನೆ. ಯಾವಾಗ ಏಳ್ತಾನೋ ಯಾವ ಡಾಕ್ಟರ್‌ಗೂ ಗೊತ್ತಿಲ್ಲ."

ಪರ್ಸಿಸ್ಟೆಂಟ್‌ಗೆ ‘ಪಟ್ಟು ಬಿಡದ’. ಅದು ನನ್ನ ಸಲಹೆ. ಮೇಷ್ಟ್ರು ಒಪ್ಪಿದರು, ಆಶ್ಚರ್ಯ.

ಎರಡನೇ ದಿನ ಪೂರ್ತಿ ಗರ್ಭಕಂಠದ ಕ್ಯಾನ್ಸರ್. ನನಗೆ ಬಂದಿದ್ದದ್ದೂ ಅದೇ. ಆರು ವರ್ಷದ ಹಿಂದಿನ ಮಾತು. ಆಪರೇಷನ್, ರೇಡಿಯೇಷನ್, ಎಲ್ಲ ಮುಗಿದು ಈಗ ಡಾಕ್ಟರಮ್ಮ ವರ್ಷಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗು ಅನ್ನುತ್ತಾರೆ. ದುಭಾಷಿಗಳನ್ನು ಕಳಿಸುವ ಏಜೆನ್ಸಿಗೆ ಇದನ್ನೆಲ್ಲ ಹೇಳಿಲ್ಲ. ಹೇಳಿದ್ದರೆ ಪಾಪ ಅಂತ ಬೇರೆಯವರಿಗೆ ಕೊಟ್ಟುಬಿಡುತ್ತಿದ್ದರು. ಈ ಕೆಲಸ ಬೇಕಿತ್ತು ನನಗೆ. ಯಾಕೆ ಅಂತ ಇನ್ನೂ ಸರಿಯಾಗಿ ಗೊತ್ತಿಲ್ಲ.

ಮಾರ್ಚ್ 3, ಮಂಗಳವಾರ

ಅಕ್ಕನ ಟೈಲರಿಂಗ್ ಅಂಗಡಿಗೆ ಹೋಗಿದ್ದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ, ನನಗೆ ಜೀವ ಕೈಯಲ್ಲಿ. ಯಾವತ್ತಿನಂತೆ ಗರ್ಭಕಂಠದ ಟೆಸ್ಟ್ ವಿಷಯ ತೆಗೆದೆ. ಯಾವತ್ತಿನಂತೆ ಬೈಸಿಕೊಂಡೆ.

"ನಿನ್ನ ಭಾವ ಹೋಗಿ ಹನ್ನೆರಡು ವರ್ಷ ಆಯ್ತು ಕಣೇ. ಆಮೇಲೆ ನನ್ನ ಪಾಡಿಗೆ ನಾನು, ನನ್ನ ಮಷಿನ್ ಪಾಡಿಗೆ ಮಷಿನ್. ನನಗೆಲ್ಲಿಂದ ಬರಬೇಕು ಅದು? ಈ ವಯಸ್ಸಲ್ಲಿ ಹೋಗಿ ಆ ಟೇಬಲ್ ಮೇಲೆ ಮಲಗಿದ್ರೆ ನೋಡಿದೋರು ಏನಂದ್ಕೋಬೇಕು?"

"ನೋಡೋದು ಡಾಕ್ಟರ್ ಒಬ್ಬರೇ."

"ನಿನ್ನ ಗಂಡನ್ನ ಕೂರಿಸಿ ಟೆಸ್ಟ್ ಮಾಡಿಸು ಮೊದಲು."

ಅಲ್ಲಿಗೆ ಮಾತು ಕಡಿಯಿತು. ನಾನು ಆಸ್ಪತ್ರೆಯಲ್ಲಿದ್ದಾಗ ತಿಂಗಳುಗಟ್ಟಲೆ ನನ್ನ ಉಚ್ಚೆ, ವಾಂತಿ ಎಲ್ಲ ಬಳಿದವಳು ಇವಳೇ. ಈ ಕ್ಯಾನ್ಸರ್ ತರುವ ವೈರಸ್ ಗಂಡು ಹೆಣ್ಣು ಕೂಡಿದಾಗ ದಾಟುತ್ತದೆಂದು ಅಲ್ಲಿ ಯಾರೋ ಹೇಳಿದ್ದು ಇವಳ ಕಿವಿಗೆ ಬಿತ್ತು. ಅವತ್ತಿನಿಂದ ಇವರ ಜೊತೆ ಮಾತು ಬಿಟ್ಟಳು. ಜಗಳವಾಡಿ ಬಿಟ್ಟಿದ್ದರೆ ಚೆನ್ನಾಗಿತ್ತು, ಕೂಡಿಸಬಹುದಿತ್ತು. ತೀರ್ಪು ಕೊಟ್ಟು ಬಿಟ್ಟಳು. ಇವರು ಕೆಲಸಕ್ಕೆ ಹೋದ ಹೊತ್ತು ನೋಡಿಕೊಂಡು ಮನೆಗೆ ಬರುತ್ತಾಳೆ, ಬರುವ ಹೊತ್ತಿಗೆ ಹೊರಡುತ್ತಾಳೆ.

ಇವರು ಒಂದು ಸಲವೂ ಯಾಕೆ ಅಂತ ಕೇಳಿಲ್ಲ. ಅದೇ ನನಗೆ ಚುಚ್ಚುವುದು. ತಪ್ಪಿಲ್ಲದವರು ಕೇಳಬೇಕಲ್ಲವೇ?

ನಾನೂ ಕೇಳಿಲ್ಲ. ನಾನು ಕೇಳಿ, ಇವರು ತಿರುಗಿಸಿ ಕೇಳಿದ್ದರೆ ನಾನೂ ಉತ್ತರಕ್ಕೆ ತಡಕಾಡಬೇಕಾಗುತ್ತಿತ್ತು.

ಮಾರ್ಚ್ 4, ಬುಧವಾರ, ಸಂಜೆ

ಮೊದಲ ದಿನ ದಾಟಿತು. ಸಭಾಂಗಣದ ಹಿಂದೆ ನಮ್ಮ ಗಾಜಿನ ಗೂಡು. ಎರಡು ಕುರ್ಚಿ, ಎರಡು ಮೈಕ್, ಒಂದು ಪುಟ್ಟ ಫ್ಯಾನ್. ಅದನ್ನು ಹಾಕಿದರೆ ಮೈಕಿಗೆ ಗೊರಗೊರ, ಆರಿಸಿದರೆ ನಾವು ಬೆಂದ ಆಲೂಗಡ್ಡೆ. ಸೌಂಡ್ ಹುಡುಗಿ ಮಧ್ಯಾಹ್ನ ಎಲ್ಲಿಂದಲೋ ಐಸ್ ತುಂಬಿದ ಬಾಟಲಿ ತಂದು ನಮ್ಮ ಕಾಲ ಬಳಿ ಇಟ್ಟಳು. ಹೊಟ್ಟೆ ತಣ್ಣಗಿರಲಿ ಅವಳದು.

ಯಾರ ಮಾತನ್ನು ಹೇಳುತ್ತೇವೋ ಅವರೇ ಆಗಿ ‘ನಾನು’ ಅನ್ನಬೇಕು. ನಮ್ಮ ಕಸುಬಿನ ನಿಯಮ. ಒಂದೇ ದಿನದಲ್ಲಿ ನಾನು ಕೋಳಿಗೆ ವೈರಸ್‌ನಿಂದ ಎದ್ದ ಗಡ್ಡೆಯ ಇತಿಹಾಸ ಹೇಳಿದೆ, ಪಿತ್ತಜನಕಾಂಗದ ವೈರಸ್‌ಗೆ ಲಸಿಕೆ ಹಾಕಿದೆ, ನನ್ನ ಲ್ಯಾಬಿನ ಇಲಿಗಳನ್ನು ಹೊಗಳಿದೆ. ಸಂಜೆ ಒಬ್ಬರು ತಾಯಿಯ ಹಾಲಿನಿಂದ ಮಗುವಿಗೆ ದಾಟಿ, ಮುಪ್ಪಿನಲ್ಲಿ ರಕ್ತದ ಕ್ಯಾನ್ಸರ್ ತರಬಲ್ಲ ವೈರಸ್ ಬಗ್ಗೆ ಹೇಳಿದರು. ಕುಡಿಸಿದ ತಾಯಿಗೆ ಗೊತ್ತಿಲ್ಲ. ಕುಡಿದ ಮಗುವಿಗೂ ಗೊತ್ತಿಲ್ಲ.

ಮೈಕ್ ಆರಿಸಿದ ಮೇಲೆ ಮೇಷ್ಟ್ರು ಹೆಡ್‌ಫೋನ್ ತೆಗೆದಿಟ್ಟರು. ಆಮೇಲೆ, "ಯಾರ ಮೇಲೆ ಅಂತ ಸಿಟ್ಟಾಗೋದು?" ಅಂದರು. ಪೆಪ್ಪರ್‌ಮಿಂಟ್ ಕೊಟ್ಟರು. ಚೀಪುತ್ತಾ ಮನೆಗೆ ಬಂದೆ.

ಮಾರ್ಚ್ 5, ಗುರುವಾರ, ಮಧ್ಯಾಹ್ನ ಊಟದ ಬಿಡುವು

ಊಟ ಬಿಟ್ಟು ಬರೆಯುತ್ತಿದ್ದೇನೆ.

ಅಜ್ಜಿ ಪ್ರೊಫೆಸರ್ ಭಾಷಣ. ಎಲ್ಲರೂ ಹಾಗೇ ಕರೆಯುತ್ತಾರೆ. ಕುಳ್ಳಗೆ, ಊರುಗೋಲು, ಮೈಕ್ ಬಾಗಿಸಿಕೊಡಬೇಕು. ನಲವತ್ತು ವರ್ಷ ಒಂದೇ ವೈರಸ್ ಹಿಂದೆ ಬಿದ್ದವರು. ಸ್ಪಷ್ಟ, ನಿಧಾನ, ಚಿನ್ನದಂಥ ಇಂಗ್ಲಿಷ್. ನನ್ನ ಸರದಿ. ನೀರು ಹರಿದಂತೆ ಹೋಗುತ್ತಿತ್ತು.

ಅವರು ಹೇಳಿದರು: ಹೆಚ್ಚುಕಡಿಮೆ ಎಲ್ಲರಿಗೂ ಬಾಳಿನಲ್ಲಿ ಒಮ್ಮೆಯಾದರೂ ಬಂದು ಹೋಗುವ ವೈರಸ್ ಇದು. ಬಹುಪಾಲು ಜನರಲ್ಲಿ ತಾನಾಗೇ ಹೋಗುತ್ತದೆ. ಕೆಲವರಲ್ಲಿ ಪಟ್ಟು ಬಿಡುವುದಿಲ್ಲ. ವರ್ಷಗಟ್ಟಲೆ, ದಶಕಗಟ್ಟಲೆ ಮುಸುಕು ಹೊದ್ದು ಮಲಗಬಹುದು. ಆಮೇಲೆ ಒಂದು ದಿನ ನಲವತ್ತರ ಹೆಂಗಸೊಬ್ಬಳು ಕೈಯಲ್ಲಿ ರಿಪೋರ್ಟ್ ಹಿಡಿದು ಕೂತು ಕೇಳುತ್ತಾಳೆ, ಇದು ಯಾರಿಂದ ಬಂತು?

ಅಷ್ಟನ್ನೂ ಹೇಳಿದೆ. ಆಮೇಲೆ ನನ್ನ ಬಾಯಿ ಇನ್ನೊಂದು ವಾಕ್ಯ ಹೇಳಿತು.

"ನಾನೂ ಕೇಳಿದ್ದೆ, ಗೋಡೆಯನ್ನ ಕೇಳಿದ್ದೆ, ಗಂಡನ್ನ ಕೇಳೋಕೆ ಧೈರ್ಯ ಬರಲಿಲ್ಲ."

ಪ್ರೊಫೆಸರ್ ಮಾತು ನಿಲ್ಲಿಸಿ ನೀರು ಕುಡಿಯುತ್ತಿದ್ದರು. ಆ ಹೊತ್ತಿಗೆ ಹೆಡ್‌ಫೋನಿನಲ್ಲಿ ನಾನು. ಮುಂದಿನ ಸಾಲುಗಳಲ್ಲಿ ತಲೆಗಳು ಒಂದೊಂದಾಗಿ ಹಿಂದಕ್ಕೆ ತಿರುಗಿದವು, ನಮ್ಮ ಗಾಜಿನ ಕಡೆ. ಬಟನ್ ಒತ್ತಿ ಮೈಕ್ ಕಟ್ ಮಾಡಿದೆ. ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮೇಷ್ಟ್ರು ತಮ್ಮ ಮೈಕ್ ಹಾಕಿ ಮುಂದಿನ ವಾಕ್ಯ ಹಿಡಿದುಬಿಟ್ಟರು. ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದಿದ್ದರು, ಮಾತು ಮುಗಿಯುವ ತನಕ.

ಪ್ರಶ್ನೋತ್ತರದಲ್ಲಿ ಒಬ್ಬ ನರ್ಸ್ ಎದ್ದಳು. ದಪ್ಪ ದನಿ. "ಮೇಡಂ, ಗಂಡಂದಿರು ನಮ್ಮ ಹತ್ರ ಬಂದು ಯಾರ ತಪ್ಪು ಅಂತ ಕೇಳ್ತಾರೆ. ಅತ್ತೆಯಂದಿರೂ ಕೇಳ್ತಾರೆ. ನಾವೇನ್ ಹೇಳೋಣ?" ಅದನ್ನು ಮೇಷ್ಟ್ರು ಇಂಗ್ಲಿಷಿಗೆ ಹಾಕಿದರು. ಪ್ರೊಫೆಸರ್ ಉತ್ತರ ಶುರುಮಾಡುವಾಗ ಮೇಷ್ಟ್ರು ತಮ್ಮ ಮೈಕ್ ಆರಿಸಿ ನನ್ನ ಕಡೆ ನೋಡಿದರು.

"ಇದನ್ನ ನೀನೇ ಹೇಳು."

ಹೇಳಿದೆ. ಅವರ ಮಾತು ಅಷ್ಟೇ, ಒಂದಕ್ಷರ ಕೂಡಿಸದೆ. "ನೆಗಡಿ ಯಾರಿಂದ ಬಂತು ಅಂತ ನ್ಯಾಯ ಪಂಚಾಯಿತಿ ಕೂರಿಸುತ್ತೀರಾ? ಈ ವೈರಸ್ ಯಾವಾಗ ಬಂತು, ಯಾರಿಂದ ಬಂತು ಎಂದು ಹೇಳುವ ಪರೀಕ್ಷೆ ನನ್ನ ಬಳಿ ಇಲ್ಲ. ಯಾರ ಬಳಿಯೂ ಇಲ್ಲ. ಅದು ಯಾರ ನಡತೆಗೂ ಸಾಕ್ಷಿಯಲ್ಲ. ಹಾಗೆಂದು ಹೇಳಿ. ಹೇಳಿ, ಅವರ ಹೆಂಗಸರನ್ನು ಪರೀಕ್ಷೆಗೆ ಕರೆತನ್ನಿ."

ಕೂಡಿಸದೆ ಅಂದೆನಲ್ಲ... ಪಂಚಾಯಿತಿ ನನ್ನದು. ಅವರು ಕೋರ್ಟ್ ಅಂದಿದ್ದರು.

ಸಂಯೋಜಕಿ ಕರೆಯುತ್ತಿದ್ದಾಳೆ. ಮುಖ ಸರಿಯಿಲ್ಲ. ಹೋಗಬೇಕು.

ಅದೇ ದಿನ, ಸಂಜೆ

ಕೆಲಸ ಹೋಗಿಲ್ಲ. ಹೋಗುವುದರಲ್ಲಿತ್ತು.

ಸಂಯೋಜಕಿ ಸಣ್ಣ ವಯಸ್ಸಿನವಳು, ಕೆಟ್ಟವಳಲ್ಲ. "ರೆಕಾರ್ಡಿಂಗ್‌ನಲ್ಲಿ ಉಳಿದುಬಿಟ್ಟಿದೆ ಮೇಡಂ. ವೆಬ್‌ಸೈಟ್‌ಗೆ ಹಾಕ್ಬೇಕು. ಅವರು ಹೇಳದ್ದು ಅವರ ಬಾಯಲ್ಲಿ ಬಂದಿದೆ. ನಾಳೆ ಬೇರೆಯವರನ್ನ ಕರೆಸೋಣ ಅಂತ..." ನಾನು ತಲೆಯಾಡಿಸಿದೆ. ಅವಳು ಹೇಳಿದ್ದು ಸರಿಯೇ.

ಅಷ್ಟರಲ್ಲಿ ಊರುಗೋಲಿನ ಸದ್ದು. ಅಜ್ಜಿ ಪ್ರೊಫೆಸರ್. ತಮ್ಮ ಭಾಷಣದ ಮಧ್ಯೆ ಜನ ಹಿಂದೆ ಯಾಕೆ ತಿರುಗಿದರು, ಬೆಂಕಿ ಬಿತ್ತೇ ಎಂದು ಕೇಳಿದರು. ಹೇಳಿದೆ. ವಾಕ್ಯವನ್ನೂ ಹೇಳಿದೆ, ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಅದು ಬೇರೆ ಯಾರದೋ ವಾಕ್ಯದಂತಿತ್ತು, ಹೇಳುವುದು ಸುಲಭವಾಯಿತು.

ಅವರು ತಬ್ಬಿಕೊಳ್ಳಲಿಲ್ಲ, ಕಣ್ಣೀರು ಒರೆಸಲಿಲ್ಲ. ಕನ್ನಡಕ ತೆಗೆದು ನನ್ನನ್ನು ನೋಡಿದರು, ಸ್ಲೈಡ್ ನೋಡುವ ಹಾಗೆ. ಎಷ್ಟು ವರ್ಷವಾಯಿತು? ಆರು. ಚೆನ್ನಾಗಿದ್ದೀಯಾ? ಚೆನ್ನಾಗಿದ್ದೇನೆ. ಆಮೇಲೆ ಸಂಯೋಜಕಿಗೆ ಹೇಳಿದರು, ಅದನ್ನು ತೆಗೆಯಬೇಡಿ, ನನ್ನ ಒಪ್ಪಿಗೆ ಇದೆ. ಅದು ದುಭಾಷಿಯ ಸ್ವಂತ ಮಾತು ಎಂದು ಕೆಳಗೊಂದು ಸಾಲು ಹಾಕಿ. ನನಗೆ ಹೇಳಿದರು, ಮುಂದಿನ ಸಲ ಮೊದಲೇ ತಿಳಿಸು, ನಾನು ನಿಲ್ಲಿಸಿ ಜಾಗ ಮಾಡಿಕೊಡುತ್ತೇನೆ.

ಹೊರಟವರು ತಿರುಗಿ ನಿಂತರು. ನಾನು ಜೀವಮಾನವಿಡೀ ನೋಡಿದ್ದು ಕೋಶಗಳನ್ನು ಎಂದರು. ಅವು ಯಾರವೆಂದು ಯಾರೂ ಪರಿಚಯ ಮಾಡಿಸುವುದಿಲ್ಲ.

ಥ್ಯಾಂಕ್ಸ್ ಅಂದೆ. ಎಷ್ಟು ಸಣ್ಣ ಪದ. ಮೇಷ್ಟ್ರನ್ನು ಕೇಳಿದರೆ ಬೇರೆ ಯಾವುದಾದರೂ ಕೊಡುತ್ತಿದ್ದರೋ ಏನೋ.

ಮಾರ್ಚ್ 6, ಶುಕ್ರವಾರ, ಬೆಳಗ್ಗೆ

ನಿನ್ನೆ ಅಷ್ಟಕ್ಕೇ ನಿಲ್ಲಿಸಿದ್ದೆ. ಇವರು ಬಂದರು.

ಲಿಫ್ಟ್ ರಿಪೇರಿ ಮುಗಿಸಿ ಬಂದರೆ ಮೊಣಕೈ ತನಕ ಗ್ರೀಸು. ಅಡುಗೆಮನೆಯ ಸಿಂಕಿನಲ್ಲೇ ತೊಳೆಯುತ್ತಾರೆ. ಎಷ್ಟು ಹೇಳಿದರೂ ಅಷ್ಟೇ. ಬೆನ್ನು ನನ್ನ ಕಡೆ ಇತ್ತು. ಬೆನ್ನಿಗೆ ಹೇಳುವುದು ಸಲೀಸು.

"ಇವತ್ತು ಬೂತ್‌ನಲ್ಲಿ ಒಂದು ಎಡವಟ್ಟು ಮಾಡಿದೆ ರೀ."

ಹೇಳುತ್ತಾ ಹೋದೆ. ಆ ವಾಕ್ಯ ಬಂದಾಗ ನಲ್ಲಿ ನಿಂತಿತು. ಅಜ್ಜಿ ಪ್ರೊಫೆಸರ್ ಉತ್ತರವನ್ನೂ ಹೇಳಿ ಮುಗಿಸಿದೆ. ಇವರು ತಿರುಗಲಿಲ್ಲ.

"ಯಾರಿಂದ ಅಂತ ಗೊತ್ತಾಗಲ್ವಾ? ಯಾರಿಗೂ?"

"ಯಾರಿಗೂ. ಡಾಕ್ಟರ್‌ಗೂ."

"ಖಾತ್ರಿನಾ?"

"ನಲವತ್ತು ವರ್ಷ ಅದನ್ನೇ ನೋಡಿದ ಹೆಂಗಸು ಹೇಳಿದ್ದು."

ಸ್ಟೂಲ್ ಎಳೆದು ಕೂತರು. ಕೈಯಿಂದ ನೊರೆ ತೊಟ್ಟಿಕ್ಕುತ್ತಿತ್ತು.

"ನಾನೇ ಅಂದ್ಕೊಂಡಿದ್ದೆ. ಮದುವೆಗೆ ಮುಂಚೆ ಒಬ್ಬಳು ಇದ್ದಳು. ನಿಂಗೆ ಹೇಳಿರಲಿಲ್ಲ. ಅತ್ತಿಗೆ ಮಾತು ಬಿಟ್ಟಾಗ ಸರಿಯಾಗೇ ಮಾಡಿದ್ರು ಅನ್ನಿಸ್ತು. ನಿನ್ನ ರೇಡಿಯೇಷನ್ ರೂಮಿಗೆ ಕರ್ಕೊಂಡು ಹೋದಾಗೆಲ್ಲ ಆ ಬಾಗಿಲು ಮುಚ್ಕೊಳ್ತಿತ್ತಲ್ಲ, ಅಷ್ಟು ದಪ್ಪದ್ದು. ಲಿಫ್ಟ್ ಬಾಗಿಲಾಗಿದ್ರೆ ಕೈ ಹಾಕಿ ಎಳೆದು ತೆಗೀತಿದ್ದೆ. ಹೊರಗೆ ನಿಂತು... ನಾನೇ ಒಳಗೆ ತಳ್ಳಿದೆ ಅನ್ನಿಸೋದು, ಪ್ರತಿ ಸಲ."

ಆರು ವರ್ಷ. ಈ ಮನುಷ್ಯ ಚಹಾ ಮಾಡಿಕೊಟ್ಟದ್ದು, ಕಾಲು ಒತ್ತಿದ್ದು, ನನ್ನ ಕೂದಲು ಬಾಚಿದ್ದು, ಎಲ್ಲದರ ಹಿಂದೆ ಇದಿತ್ತೇ? ಕೇಳಲಿಲ್ಲ. ಪ್ರೀತಿಯೂ ಇತ್ತು, ಅದು ನನಗೆ ಗೊತ್ತು.

"ನನಗೂ ಒಬ್ಬ ಇದ್ದ," ಅಂದೆ. "ಕಾಲೇಜಲ್ಲಿ."

ತಲೆ ಎತ್ತಿದರು.

"ಹೆಸರೇನು?"

"ನಿಮಗ್ಯಾಕೆ?"

"ಸುಮ್ನೆ."

ಅಷ್ಟೇ, ಯಾರು ಮೊದಲು ನಕ್ಕರೋ. ನಗು ಅರ್ಧದಲ್ಲಿ ಅಳುವಾಯಿತು. ಮಗಳು ಒಳಗೆ ಬಂದು ಗಾಬರಿಯಾಗಿ ನಿಂತಳು.

"ಏನಾಯ್ತು?"

"ಸೋಪು ಕಣ್ಣಿಗೆ ಹೋಯ್ತು," ಅಂದರು ಇವರು.

"ಇಬ್ಬರಿಗೂ?"

ಸಮ್ಮೇಳನದ ಕೊನೇ ದಿನ ಇವತ್ತು. ಹಗುರಾಗಿ ಹೊರಟಿದ್ದೇನೆ.

ಮಾರ್ಚ್ 22, ಭಾನುವಾರ

ಬರೆಯದೆ ದಿನಗಳಾದವು. ಮನೆಯಲ್ಲಿ ಮಾತೇ ಮಾತು, ಪೆನ್ನು ಹಿಡಿಯಲು ಪುರುಸೊತ್ತು ಯಾರಿಗಿದೆ.

ಇವತ್ತು ಮಗಳು ದೊಡ್ಡಮ್ಮನ ಅಂಗಡಿಗೆ ಹೋದವಳು ಸಮ್ಮೇಳನದ ರೆಕಾರ್ಡಿಂಗ್ ಹುಡುಕಿ ಹಾಕಿದ್ದಾಳೆ. "ಅಮ್ಮ ಹೇಗೆ ಮಾತಾಡ್ತಾಳೆ ಕೇಳಿ ದೊಡ್ಡಮ್ಮ, ಟಿವಿಯೋರ ಥರ!" ಅಂತ. ಅಕ್ಕ ಮಷಿನ್ ತುಳಿಯುತ್ತಾ ಕೇಳಿದ್ದಾಳೆ. ನನ್ನ ವಾಕ್ಯ ಬಂದಿದೆ. ಮಷಿನ್ ನಿಂತಿದೆ. "ಹಿಂದಕ್ಕೆ ಹಾಕು ಪುಟ್ಟಿ," ಅಂದಳಂತೆ. ಇನ್ನೊಮ್ಮೆ. ನರ್ಸಿನ ಪ್ರಶ್ನೆ, ಪ್ರೊಫೆಸರ್ ಉತ್ತರ, ಪೂರ್ತಿ. ಆಮೇಲೆ ಶಟರ್ ಎಳೆದು, ಭಾನುವಾರ ಇವರು ಮನೆಯಲ್ಲೇ ಇರುತ್ತಾರೆಂದು ಗೊತ್ತಿದ್ದೂ, ನೇರ ಬಂದಳು.

ಇವರು ಎದ್ದು ಕುರ್ಚಿ ಸರಿಸಿದರು. ಅವಳು ಕೂರಲಿಲ್ಲ. ನನ್ನನ್ನೇ ನೋಡಿ ಹೇಳಿದಳು.

"ನೀನು ಕೋಪ ಮಾಡ್ಕೊಳ್ಳಲ್ಲ ಅಂತ ನಿನ್ನ ಪಾಲಿಂದೂ ನಾನೇ ಮಾಡ್ಕೊಂಡೆ ಕಣೇ."

"ನನ್ನನ್ನ ಒಂದು ಮಾತು ಕೇಳಬೇಕಿತ್ತು."

"ಕೇಳಬೇಕಿತ್ತು." ಸೆರಗಿಗೆ ಅಂಟಿದ ದಾರ ಕಿತ್ತು, "ಈಗ ಇದ್ದಕ್ಕಿದ್ದ ಹಾಗೆ ಮಾತಾಡಿಸು ಅಂದ್ರೆ ನನಗೆ ಬಾಯಿ ಬರಲ್ಲ," ಅಂದಳು. ಇವರನ್ನು ನೋಡದೆ.

"ಅವಸರ ಏನಿಲ್ಲ ಅತ್ತಿಗೆ," ಅಂದರು ಇವರು. ಅಷ್ಟೇ.

ಹೋಗುವಾಗ ಬಾಗಿಲಲ್ಲಿ ನನ್ನ ಕಿವಿಯಲ್ಲಿ ಸಿಡುಕಿದಳು. "ಆ ಹಾಳು ಟೆಸ್ಟ್ ಯಾವತ್ತು? ಒಂದೇ ಒಂದು ಸಲ. ನಿನ್ನ ಬಾಯಿ ಮುಚ್ಚಿಸೋಕೆ."

ಏಪ್ರಿಲ್ 9, ಗುರುವಾರ

ಅಕ್ಕನ ರಿಪೋರ್ಟ್ ಬಂತು. ವೈರಸ್ ಇದೆ. ಕೋಶಗಳು ಬದಲಾಗಲು ಶುರುವಾಗಿವೆ. ಕ್ಯಾನ್ಸರ್ ಅಲ್ಲ, ಇನ್ನೂ ಅಲ್ಲ. ನನ್ನದೇ ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಬಿಸಿ ತಂತಿಯ ಸಣ್ಣ ಕುಣಿಕೆಯಿಂದ ಅಷ್ಟು ಭಾಗ ತೆಗೆದುಬಿಡುತ್ತೇವೆ, ಅದೇ ದಿನ ಮನೆಗೆ. "ಇನ್ನು ನಾಲ್ಕೈದು ವರ್ಷ ಬಿಟ್ಟು ಬಂದಿದ್ರೆ ಬೇರೆ ಮಾತಾಡಬೇಕಾಗ್ತಿತ್ತೋ ಏನೋ," ಅಂದರು.

ನಾನು ಅಲ್ಲೇ ಅವರ ಎರಡೂ ಕೈ ಹಿಡಿದುಕೊಂಡೆ. ನನ್ನನ್ನು ಉಳಿಸಿದ ಕೈ. ಈಗ ಅಕ್ಕನನ್ನೂ.

ಅಕ್ಕ ಮಾತ್ರ ಕಲ್ಲು.

ಏಪ್ರಿಲ್ 11, ಶನಿವಾರ

ಫೋನ್ ಎತ್ತುತ್ತಿಲ್ಲ. ಅಂಗಡಿಗೆ ಬೀಗ. ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ, ಬರುವುದಿಲ್ಲ ಅಂತ ಮಗಳ ಮೊಬೈಲ್‌ಗೆ ಒಂದೇ ಸಾಲಿನ ಮೆಸೇಜ್.

ಮನೆಗೆ ಹೋದೆ. ಇವರೂ ಬಂದರು, ಬೇಡ ಅಂದರೂ ಕೇಳಲಿಲ್ಲ. ಬಾಗಿಲು ತೆಗೆದಳು. ಕಣ್ಣು ಊದಿಕೊಂಡಿತ್ತು. ಭಾವನ ಫೋಟೋ ಗೋಡೆಗೆ ಮುಖ ಮಾಡಿತ್ತು.

"ಇಪ್ಪತ್ತು ವರ್ಷ ಬಾಳಿದೀನಿ ಆ ಮನುಷ್ಯನ ಜೊತೆ," ಅಂದಳು. "ದೇವರಂಥೋನು ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡಿದೀನಿ. ಈಗ ನೋಡು."

"ಅಕ್ಕ, ರೆಕಾರ್ಡಿಂಗ್ ಕೇಳಿದ್ಯಲ್ಲ..."

"ಅದು ನಿನಗೆ ಸರಿ. ನಿನ್ನ ಗಂಡ ಎದುರಿಗಿದ್ದಾನೆ, ಕೇಳಬಹುದು, ಹೊಡೀಬಹುದು. ನಾನು ಯಾರನ್ನ ಕೇಳಲಿ?"

ಇವರು ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದವರು ಅಲ್ಲಿಂದಲೇ ಹೇಳಿದರು.

"ಅತ್ತಿಗೆ, ಆ ಫೋಟೋ ಈ ಕಡೆ ತಿರುಗಿಸಿ. ಸತ್ತೋರಿಗೆ ಉತ್ತರ ಕೊಡೋಕೆ ಬರಲ್ಲ. ನಾನು ಬದುಕಿದ್ದೆ, ನನಗೂ ಬರಲಿಲ್ಲ."

ಅಕ್ಕ ಇವರ ಕಡೆ ತಿರುಗಿದಳು. ಆರು ವರ್ಷದಲ್ಲಿ ಮೊದಲ ಸಲ ನೇರ ಮುಖ ನೋಡಿದ್ದು. ಬೈಯುತ್ತಾಳೆ ಅಂದುಕೊಂಡೆ.

"ಅಷ್ಟು ವರ್ಷ ಒಂದು ಮಾತು ಬಾಯಿ ಬಿಟ್ಟು ಹೇಳಬಾರದಿತ್ತೇನ್ರೀ? ನಾನಲ್ಲ ಅಂತ?"

"ಹೌದೋ ಅಲ್ಲವೋ ನನಗೇ ಗೊತ್ತಿರಲಿಲ್ಲವಲ್ಲ ಅತ್ತಿಗೆ. ಸುಳ್ಳು ಹೇಳೋದು ಹೇಗೆ?"

ಅವಳು ಗೋಡೆಗೆ ಒರಗಿ ಕೂತು ಅತ್ತಳು. ಸದ್ದು ಮಾಡಿ, ಮೂಗು ಸುರಿಸಿಕೊಂಡು, ಭಾವ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಇವರು ಒಳಗೆ ಹೋಗಿ ಚಹಾಗೆ ನೀರಿಟ್ಟರು. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಕೂಗಿ ಕೇಳಿದರು. ಅಳುತ್ತಲೇ ಹೇಳಿದಳು, ಎರಡನೇ ಶೆಲ್ಫ್, ಬಲಗಡೆ.

ಹೊರಡುವ ಹೊತ್ತಿಗೆ ತಾನೇ ಎದ್ದು ಫೋಟೋ ತಿರುಗಿಸಿದಳು. ಲೈನಿಂಗ್ ಬಟ್ಟೆಯ ಚೂರಿನಿಂದ ಗಾಜು ಒರೆಸಿದಳು. "ನಿನ್ನ ಕೇಳೋದು ಬಾಕಿ ಇದೆ," ಅಂದಳು ಭಾವನಿಗೆ. ಆದರೆ ಸಿಟ್ಟಿರಲಿಲ್ಲ.

ಏಪ್ರಿಲ್ 28, ಮಂಗಳವಾರ

ಆಯಿತು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಇವರು ರಜೆ ಹಾಕಿ ಕಾರು ಓಡಿಸಿದರು. ಅಕ್ಕ ಹಿಂದಿನ ಸೀಟಿನಿಂದ "ಹಂಪ್ ನೋಡ್ಕೊಂಡು," ಅಂತ ಪ್ರತಿ ಹಂಪಿಗೂ. ತೆಗೆದ ತುಣುಕು ಲ್ಯಾಬಿಗೆ ಹೋಗಿದೆ. ಅಂಚಿನಲ್ಲಿ ಏನೂ ಉಳಿದಿಲ್ಲ ಅಂತ ಖಾತ್ರಿಯಾಗಬೇಕು.

ಸಂಜೆ ಮೇಷ್ಟ್ರು ಫೋನ್ ಮಾಡಿ ವಿಚಾರಿಸಿದರು. ಹೇಳಿದೆ. "ನಿನ್ನ ಆ ಒಂದು ವಾಕ್ಯದಲ್ಲಿ ವ್ಯಾಕರಣ ತಪ್ಪಿತ್ತು ಗೊತ್ತಾ?" ಅಂದರು.

"ಎಲ್ಲಿ?"

"ನೆನಪಿಲ್ಲ. ಇರಲಿ ಬಿಡು."

ಫೋನ್ ಇಟ್ಟುಬಿಟ್ಟರು.

ಮೇ 14, ಗುರುವಾರ, ಆಸ್ಪತ್ರೆ ವೆರಾಂಡ

ಅಕ್ಕ ಒಳಗಿದ್ದಾಳೆ, ನಾನೂ ಇವರೂ ಹೊರಗೆ. ನನ್ನನ್ನು ಬರಬೇಡ ಅಂದಳು, ತಾನೇ ಕೇಳಿಸಿಕೊಳ್ಳುತ್ತಾಳಂತೆ. ಎದುರಿನ ಬೆಂಚಿನಲ್ಲಿ ಹೆಂಗಸರು ಸಾಲಾಗಿ ಕೂತಿದ್ದಾರೆ, ಮಡಿಲಲ್ಲಿ ಫೈಲು. ಪಕ್ಕದಲ್ಲಿ ಗಂಡಂದಿರು, ಕೆಲವರ ಪಕ್ಕ ಖಾಲಿ. ಯಾರೂ ಮಾತಾಡುತ್ತಿಲ್ಲ. ಎಲ್ಲರ ತಲೆಯಲ್ಲೂ ಅದೇ ಪ್ರಶ್ನೆ ಇರಬಹುದೇ? ಎದ್ದು ನಿಂತು ಹೇಳಿಬಿಡೋಣ ಅನ್ನಿಸುತ್ತಿದೆ. ಮೈಕ್ ಇಲ್ಲ, ಅಷ್ಟೇ.

ಪಕ್ಕದಲ್ಲಿ ಕೂತ ಹುಡುಗಿ, ಇಪ್ಪತ್ತೈದಿರಬಹುದು, ಈಗಷ್ಟೇ ನನ್ನನ್ನು ಕೇಳಿದಳು, "ಆಂಟಿ, ನಿಮಗೂ...?" ಹೌದಮ್ಮ, ಆರು ವರ್ಷವಾಯಿತು ಅಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಚೆನ್ನಾಗೇ ಇದ್ದೀರಲ್ಲ," ಅಂದಳು. ಇದ್ದೇನೆ. ಇಷ್ಟು ಜನರ ಕೈ ಹಿಡಿದುಕೊಂಡು ಇದ್ದೇನೆ.

ಬಾಗಿಲು ತೆರೆಯಿತು. ಡಾಕ್ಟರಮ್ಮನೇ ಹೊರಗೆ ಬಂದರು, ನಗುತ್ತಾ. ಅಂಚು ಸ್ವಚ್ಛ. ಏನೂ ಉಳಿದಿಲ್ಲ. ಆರು ತಿಂಗಳಿಗೆ ಬಂದರೆ ಸಾಕಂತೆ.

ಅಕ್ಕ ನನ್ನ ಹತ್ತಿರ ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ. ನೇರ ಇವರ ಮುಂದೆ ಹೋಗಿ ನಿಂತಿದ್ದಾಳೆ. ಇವರು ಎದ್ದಿದ್ದಾರೆ, ಸ್ಕೂಲ್ ಹುಡುಗನ ಹಾಗೆ. ಅಕ್ಕನ ಕೈ ಮೇಲೆ ಹೋಯಿತು, ಇವರ ಅಂಗಿಯ ಕಾಲರ್ ಹಿಡಿದು ತಿರುವಿ ನೋಡುತ್ತಿದ್ದಾಳೆ.

"ಯಾವ ಪುಣ್ಯಾತ್ಮ ಹೊಲಿದದ್ದು ಇದನ್ನ? ಕಾಲರ್ರಾ ಇದು? ನಾಳೆ ಅಂಗಡಿಗೆ ಬನ್ನಿ, ಅಳತೆ ತಗೋಬೇಕು. ಸುಮ್ನೆ ನಿಂತ್ಕೊಳ್ಳಿ, ಭುಜ ಎಷ್ಟಿದೆ ನೋಡ್ತೀನಿ..."

ಬೆಂಚಿನವರೆಲ್ಲ ನೋಡುತ್ತಿದ್ದಾರೆ. ಇವರ ಭುಜದ ಮೇಲೆ ಗೇಣು ಹಾಕಿ ಅಳೆಯುತ್ತಿದ್ದಾಳೆ, ಒಂದು, ಎರಡು... ಕೈ ಅಲ್ಲೇ ನಿಂತಿತು. ಅಕ್ಕ ಅಳುತ್ತಿದ್ದಾಳೆ, ಪೆನ್ನು ಮುಚ್ಚಿ ಅವರ ಹತ್ತಿರ ಹೋಗುತ್ತೇನೆ.